ಸುಮ್ಮನೆ ಕೊಡುವ ನಾಯಿ

ಹತ್ತು ಗಂಟೆಗೆ ಬನ್ನಿ ಎಂದು ಫೋನಿನಲ್ಲಿ ಹೇಳಿದ್ದರು. ರಮಿತಾ ಎಂಟಕ್ಕೇ ಮರವಂತೆಯಲ್ಲಿ ಬಸ್ಸಿಳಿದಳು. ಬೇಕೆಂದೇ ಹಾಗೆ ಮಾಡಿದ್ದಳು. ಹೇಳಿದ ಹೊತ್ತಿಗೆ ಹೋದರೆ ಅವರು ತೋರಿಸಬೇಕೆಂದದ್ದು ಮಾತ್ರ ಕಾಣುತ್ತದೆ.

ಕುಂಭಾಶಿಯ ರಮಿತಾ ಕುಂದಾಪುರದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು. ಮಗಳು ಮೋಕ್ಷಿತಾ ನಾಯಿ ಬೇಕೆಂದು ಹಟ ಹಿಡಿದು ನಾಲ್ಕು ತಿಂಗಳಾಗಿತ್ತು. ರಮಿತಾ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ನಾಯಿ ಸಾಕಿದವರು ಅಂಗಡಿಗೆ ಬಂದರೆ ಸಾಕು, ಹಿಡಿದು ನಿಲ್ಲಿಸಿ ಕೇಳುತ್ತಿದ್ದಳು. ದಿನಕ್ಕೆ ಎಷ್ಟು ಓಡಾಡಿಸಬೇಕು, ನಮ್ಮ ಸೆಕೆ ತಡೆಯುತ್ತದೆಯೇ, ಎಷ್ಟು ಹೊತ್ತು ಒಂದನ್ನೇ ಬಿಡಬಹುದು, ಯಾವ ಚುಚ್ಚುಮದ್ದು ಯಾವಾಗ. ಅತ್ತೆ ಅಮ್ಮಣಿಗೆ ನಗು. "ಮದಿಗೆ ಹುಡ್ಗನ್ನ್ ಕಾಂಬತಿಗೂ ಇಷ್ಟ್ ವಿಚಾರ್ಸ್ಲಿಲ್ಲ ಕಾಣ್" ಎನ್ನುತ್ತಿದ್ದರು.

ಆಗ ಪರಿಚಯದವರೊಬ್ಬರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಈ ನಾಯಿ ಬಂತು. ಎರಡು ವರ್ಷದ ಲ್ಯಾಬ್ರಡಾರ್, ಒಳ್ಳೆಯ ಮನೆಯವರಿಗೆ ಸುಮ್ಮನೆ ಕೊಡಲಾಗುವುದು. 'ಸುಮ್ಮನೆ' ಎಂಬ ಮಾತು ರಮಿತಾಳಿಗೆ ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತು. ಎರಡು ವರ್ಷ ಸಾಕಿದ ಜಾತಿ ನಾಯಿಯನ್ನು ಯಾರಾದರೂ ಸುಮ್ಮನೆ ಕೊಡುತ್ತಾರೆಯೇ? ಕಚ್ಚುತ್ತದೋ? ಎಲ್ಲಿಂದಾದರೂ ಕದ್ದದ್ದೋ? ಮೋಕ್ಷಿತಾಳನ್ನು ಅವಳು ಜೊತೆಗೆ ತರಲಿಲ್ಲ. ಹುಡುಗಿ ಒಮ್ಮೆ ತಲೆ ಸವರಿದರೆ ಮತ್ತೆ ಬೇಡ ಅನ್ನಲು ಆಗುತ್ತಿರಲಿಲ್ಲ.

ಮನೆ ಕಡಲ ಬದಿಗಿತ್ತು. ಅಂಗಳದ ಅರ್ಧವನ್ನು ಕಡಲು ಕೊಂಡುಹೋಗಿತ್ತು. ಉಳಿದರ್ಧದಲ್ಲಿ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು, ಬಾಳೆಹಣ್ಣಿನ ತುಂಡೊಂದನ್ನು ಹಳದಿ ನಾಯಿಯ ಬಾಯಿಗೆ ಇಡುತ್ತಿದ್ದಳು. ಹಣ್ಣಿನೊಳಗೆ ಬಿಳಿ ಮಾತ್ರೆ ಇದ್ದದ್ದು ರಮಿತಾಳಿಗೆ ಕಂಡಿತು. ಹೆಂಗಸು ತಿರುಗಿ ನೋಡಿ, ಬೆಚ್ಚಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಹ್ವಾಯ್, ನೀವ್ ಹತ್ ಗಂಟಿಗ್ ಅಲ್ದಾ ಬತ್ತೆ ಅಂದದ್?" ಎನ್ನುತ್ತ ಒಳಗಿಂದ ಗಂಡಸು ಬಂದ. ಫೋನಿನಲ್ಲಿ ಮಾತಾಡಿದ ಪ್ರೇಮಾನಂದ ಅವನೇ. ಹೆಂಗಸು ಅವನ ಹೆಂಡತಿ ಸುಂದರಿ.

"ಬಸ್ ಬೇಗ ಸಿಕ್ತ್" ಎಂದಳು ರಮಿತಾ. "ಎಂತ ಮಾತ್ರೆ ಅದ್?"

"ಹುಳದ್ದ್. ಎಲ್ಲಾ ನಾಯಿಗೂ ಕೊಡ್ತ್ರ್ ಅಲೆ" ಎಂದ ಪ್ರೇಮಾನಂದ.

ಕಿಟಕಿಯ ಕಟ್ಟೆಯ ಮೇಲೆ ಮಾತ್ರೆಯ ಪಟ್ಟಿ ಬಿದ್ದಿತ್ತು. ಹತ್ತರಲ್ಲಿ ಏಳು ಖಾಲಿ. ಹುಳದ ಮಾತ್ರೆಯನ್ನು ದಿನಾ ಕೊಡುವುದಿಲ್ಲ. ಅಲ್ಲದೆ ಆ ಪಟ್ಟಿ ರಮಿತಾಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಅಂಗಡಿಯಲ್ಲಿ ಅದು ಬೀಗದ ಕಪಾಟಿನಲ್ಲಿರುತ್ತದೆ. ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ. ಅವಳು ಡಾಕ್ಟರು ಬರೆದುಕೊಡುವ ನಾಯಿಯ ಕಾರ್ಡ್ ಕೇಳಿದಳು. ಎರಡು ಸಲ ಕೇಳಿದ ಮೇಲೆ ಪ್ರೇಮಾನಂದ ತಂದುಕೊಟ್ಟ. ಚುಚ್ಚುಮದ್ದೆಲ್ಲ ಸರಿಯಾಗಿತ್ತು, ಕಾಯಿಲೆ, ಮದ್ದು ಬರೆಯುವ ಕೊನೆಯ ಹಾಳೆಯನ್ನು ಮಾತ್ರ ಯಾರೋ ಹರಿದಿದ್ದರು.

"ಈ ಹಾಳಿ ಎಲ್ಲ್ ಹೋಯ್ತ್?"

"ನೀವ್ ಎಂತ ಪೊಲೀಸ್ನರಾ?" ಪ್ರೇಮಾನಂದನ ದನಿ ಏರಿತು. "ನಾಯಿ ಬೇಕಾರೆ ಕೊಂಡ್ಹೋಯಿನಿ, ಬ್ಯಾಡ ಅಂದ್ರೆ ಬ್ಯಾಡ. ಸಾಕುಕ್ ಕೇಂತ್ರ್ಯಾ, ಮಾರುಕ್ ಕೇಂತ್ರ್ಯಾ, ಅದೇ ನಂಗ್ ಗೊತಿಲ್ಲೆ."

"ಅದ್ ಫಿಟ್ಸಿನ್ ಮಾತ್ರೆ" ಎಂದಳು ರಮಿತಾ. "ನಾನ್ ಮೆಡಿಕಲ್ಲಗೆ ಕೆಲ್ಸ ಮಾಡುದ್."

ಪ್ರೇಮಾನಂದ ಒಳಗೆ ಹೋದ. ರಮಿತಾಳಿಗೆ ಸಿಟ್ಟು ಬಂದಿತ್ತು. ತನ್ನ ಮಗಳ ಕಣ್ಣೆದುರೇ ನಾಯಿ ಬಿದ್ದು ಒದ್ದಾಡಿದ್ದರೆ? ಅವಳು ಚೀಲ ಎತ್ತಿಕೊಂಡು ಹೆದ್ದಾರಿಯ ಕಡೆ ನಡೆದಳು. ಹಿಂದಿನಿಂದ ಸುಂದರಿ ಓಡಿಬಂದಳು.

"ಅಕ್ಕ, ಒಂದ್ ಗಳ್ಗಿ ನಿಲ್ಲಿ. ಹಾಳಿ ಹರ್ದದ್ ಅವ್ರೇ. ನಾನ್ ಬ್ಯಾಡ ಅಂದಿದ್ದೆ." ಅವಳಿಗೆ ಏದುಸಿರು, ಕಣ್ಣಲ್ಲಿ ನೀರು. "ಮನಿ ಉಳೂದಿಲ್ಲ ಅಂದ್ಕಂಡ್ ಬೈಂದೂರಗೆ ಬಾಡ್ಗಿ ಮನಿ ಹಿಡ್ದಿತ್. ಮಾಳ್ಗಿ ಮೇಲೆ. ನಾಯಿ ಆಪ್ದಿಲ್ಲ ಅಂದ್ರ್. ಫಿಟ್ಸ್ ಅಂತ ಹೇಳ್ರೆ ಯಾರೂ ತಕಂಬುದಿಲ್ಲ. ಹೋದ್ ತಿಂಗ್ಳ್ ಒಬ್ಬ ಬಂದ. ಎಂತದೂ ಕೇಣ್ಲಿಲ್ಲ. ಕಾರಗೆ ಹಾಯ್ಕಂಡ್ ಹೋದ. ನಾಲ್ಕ್ ದಿನಕ್ಕೆ ತ್ರಾಸಿ ಹೈವೇ ಬದಿಗ್ ಬಿಟ್ಟಿದ್ದ. ಮೀನ್ ಮಾರು ಕಮಲ ಗುರ್ತ್ ಹಿಡ್ದ್ ಫೋನ್ ಮಾಡ್ತ್. ನೀವ್ ಇಷ್ಟ್ ಕೇಂತ್ರಿ, ಅದ್ಕೇ ನಿಮ್ಗ್ ಕೊಡ್ಕ್ ಅಂತ ನಂಗೆ."

ರಮಿತಾ ಅದನ್ನೂ ಪೂರ್ತಿ ನಂಬಲಿಲ್ಲ. ಅಳುವವರು ಸುಳ್ಳು ಹೇಳುವುದಿಲ್ಲ ಎಂದೇನೂ ಇಲ್ಲ. ಆದರೂ ತಿರುಗಿ ಅವರ ಮನೆಗೆ ಹೋಗಿ ಕಾರ್ಡಿನ ಫೋಟೋ ತೆಗೆದುಕೊಂಡಳು. ಮರುದಿನ ಅದರಲ್ಲಿದ್ದ ಬ್ರಹ್ಮಾವರದ ಡಾಕ್ಟರರನ್ನು ಹುಡುಕಿಕೊಂಡು ಹೋದಳು. ಅವರು ಸುಂದರಿಯ ಮಾತನ್ನೇ ಹೇಳಿದರು. ಕಚ್ಚುವ ನಾಯಿಯಲ್ಲ. ಹನ್ನೆರಡು ಗಂಟೆಗೊಮ್ಮೆ ಮಾತ್ರೆ, ಒಂದು ಹೊತ್ತೂ ತಪ್ಪಬಾರದು. ಮಾತ್ರೆ ಕೊಟ್ಟರೂ ಯಾವಾಗಾದರೊಮ್ಮೆ ಬರಬಹುದು. ಬಂದಾಗ ಬಾಯಿಗೆ ಕೈ ಹಾಕಬೇಡಿ, ಸುತ್ತಲಿನ ಸಾಮಾನು ಸರಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಓಡಿ ಬನ್ನಿ.

ಮನೆಯಲ್ಲಿ ಅಮ್ಮಣಿ ಮುಖ ಗಂಟಿಕ್ಕಿದರು. "ಸೀಕಿನ್ ನಾಯಿ ಎಂತಕ್ಕೆ ಮಾರಾಯ್ತಿ? ಲಾಯ್ಕಿದ್ದದ್ ಸಿಕ್ಕೂದಿಲ್ಯಾ?"

"ಲಾಯ್ಕಿದ್ದದ್ಕೂ ನಾಳೆ ಎಂತ ಬತ್ತ್ ಅಂತ ಯಾರಿಗ್ ಗೊತ್ತಿತ್ ಅತ್ತೆ? ಇದ್ರದ್ದ್ ನಮ್ಗ್ ಗೊತ್ತಿತ್. ಹಗ್ಲಿಗೆ ನೀವೇ ಕಾಣ್ಕ್. ನಿಮ್ಗ್ ಆಪುದಿಲ್ಲ ಅಂದ್ರೆ ಬ್ಯಾಡ."

ಮೂರನೆಯ ದಿನ ಅಮ್ಮಣಿ, ತಾನೂ ಒಮ್ಮೆ ನೋಡಬೇಕು ಎಂದರು. ಮುಂದಿನ ಭಾನುವಾರ ಮೂವರೂ ಮರವಂತೆಗೆ ಹೋದರು. ಅಮ್ಮಣಿ ಸುಂದರಿಯ ಎದುರು ಕೂತು, ಬೀಳುವ ಮೊದಲು ನಾಯಿ ಏನು ಮಾಡುತ್ತದೆ, ಎದ್ದ ಮೇಲೆ ಏನು ಕೊಡಬೇಕು ಎಂದು ಸೊಸೆಗಿಂತ ಹೆಚ್ಚು ಪ್ರಶ್ನೆ ಕೇಳಿದರು. ಪ್ರೇಮಾನಂದ ತಲೆ ಎತ್ತದೆ ನಾಯಿಯ ಕುತ್ತಿಗೆಪಟ್ಟಿ ಸಡಿಲಿಸುತ್ತಿದ್ದ. ನಾಯಿಯ ಹೆಸರು ಚಿಂಟು. ರಿಕ್ಷಾದಲ್ಲಿ ಕುಂಭಾಶಿಯವರೆಗೂ ಅದು ಮೋಕ್ಷಿತಾಳ ಮಡಿಲಿಗೆ ತಲೆಯಿಟ್ಟು ನಡುಗುತ್ತಿತ್ತು.

ಅದು ಮನೆಗೆ ಬಂದ ಹತ್ತೊಂಬತ್ತನೆಯ ದಿನ, ಸಂಜೆ, ಚಾವಡಿಯಲ್ಲಿ ಬಿತ್ತು. ಕಾಲು ಸೆಟೆದು, ಬಾಯಲ್ಲಿ ನೊರೆ. ಮೋಕ್ಷಿತಾ ಕಿರುಚಿದಳು. ರಮಿತಾ ಕುರ್ಚಿ ಎಳೆದು ಬದಿಗಿಟ್ಟಳು. ಅಮ್ಮಣಿ ಗಡಿಯಾರದ ಮುಂದೆ ನಿಂತು ಗಟ್ಟಿಯಾಗಿ ನಿಮಿಷ ಹೇಳುತ್ತಿದ್ದರು. ಎರಡು ತುಂಬುವಷ್ಟರಲ್ಲಿ ಸೆಳೆತ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ನಾಯಿ ಎದ್ದು, ಗುರುತು ಸಿಗದವರಂತೆ ಅವರನ್ನು ನೋಡಿ, ನೀರು ಕುಡಿಯಿತು.

ರಮಿತಾ ಸುಂದರಿಗೆ ವಿಷಯ ತಿಳಿಸಿದಳು. ಹತ್ತು ನಿಮಿಷದಲ್ಲಿ ಫೋನ್ ಬಂತು. ಪ್ರೇಮಾನಂದ.

"ಬಿತ್ತಂಬ್ರಲೆ. ವಾಪಾಸ್ ತಂದ್ ಬಿಡ್ತ್ರ್ಯಾ?" ದನಿಯಲ್ಲಿ ಅವತ್ತಿನದೇ ಗುಮಾನಿ. "ಹೈವೇಲೆಲ್ಲಾ ಬಿಡ್ಬೇಡಿ. ಬ್ಯಾಡಾರೆ ಹೇಳಿ, ನಾನೇ ಬತ್ತೆ."

"ಬಿಡೂದಿಲ್ಲ" ಎಂದಳು ರಮಿತಾ. "ಬಿದ್ದ್ ಎದ್ದಾಯ್ತ್. ಅಲ್ಲೇ ಮನ್ಕಂಡಿತ್."

ಅವನು ನಂಬಿದನೋ ಇಲ್ಲವೋ. ಬುಧವಾರ ಬೆಳಿಗ್ಗೆ, ಹೇಳದೆ ಕೇಳದೆ, ಎಂಟು ಗಂಟೆಗೆ ಗೇಟಿನ ಹತ್ತಿರ ನಿಂತಿದ್ದ. ಚಿಂಟು ಕೂಗುತ್ತ ಅವನತ್ತ ಓಡಿತು. ಅಮ್ಮಣಿ ಅವನನ್ನು ಒಳಗೆ ಕರೆದು ಚಾ ಕೊಟ್ಟರು.