ಅಳತೆ ಅಕ್ಕ ಸುಳ್ಳಿಗೆ ಸಹಿ ಹಾಕಲಿಲ್ಲ

ಬಸ್ ನಿಲ್ದಾಣದ ಹಿಂದಿನ ಕಾರ್ ಸ್ಟೀರಿಯೋ ಅಂಗಡಿಯ ಯಜಮಾನ ಅಳತೆ ಅಕ್ಕನಿಗೆ ಹನ್ನೊಂದು ಸ್ಪೀಕರುಗಳ ರಿಪೇರಿ ಕೂಲಿ ಇನ್ನೂ ಕೊಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳ ಗುಣಗಾನದ ಭರದಲ್ಲಿ ಮರೆತುಹೋಗಬಾರದು.

ಅಳತೆ ಅಕ್ಕ ಎಂಬುದು ನಾವಿಟ್ಟ ಹೆಸರು. ಸ್ಪೀಕರು ಸತ್ತಿದೆ ಎನ್ನಿ, ಲೋಕ ಕೆಟ್ಟಿದೆ ಎನ್ನಿ, ಅವಳ ಮೊದಲ ಮಾತು ಒಂದೇ: "ಅಳೆದ್ಯಾ?" ಒಮ್ಮೆ ಅವಳ ಗಂಡ ಒಳಗಿನಿಂದ "ಹಸಿದು ಸಾಯ್ತಿದೀನಿ ಕಣೇ" ಎಂದು ಕೂಗಿದಾಗಲೂ ಇವಳು ಬೆಸುಗೆಯಿಂದ ಕಣ್ಣೆತ್ತದೆ ಅದನ್ನೇ ಕೇಳಿದಳು. "ಮೀಟರು ಹೊಟ್ಟೆಗೆ ಎಲ್ಲಿ ಚುಚ್ಚಲಿ ಹೇಳು!" ಎನ್ನುತ್ತ ಅವನು ತಟ್ಟೆ ಹಿಡಿದೇ ಹೊರಬಂದ.

ಅವಳು ತೊಡುವ ನೀಲಿ ಕೋಟು ರೇಡಿಯೋ ಕಾರ್ಖಾನೆಯದು. ಮುಷ್ಕರದಲ್ಲಿ ಅವಳನ್ನೂ ಅಲ್ಲೇ ದುಡಿಯುತ್ತಿದ್ದ ನನ್ನನ್ನೂ ಒಂದೇ ದಿನ ಹೊರಹಾಕಿ ಕೋಟನ್ನು ವಾಪಸ್ ಕೇಳಿದಾಗ, ಎದೆಯ ಮೇಲಿನ ಲಾಂಛನವನ್ನು ಬ್ಲೇಡಿನಿಂದ ಬಿಚ್ಚಿ, "ಇದು ನಿಮ್ದು, ತಗೊಳ್ಳಿ. ಬಟ್ಟೆ ನನ್ನ ಬೆವರಿಂದು" ಎಂದು ಗೇಟಿನವನ ಕೈಗಿಟ್ಟು ನಡೆದವಳು. ಸೂಜಿಯ ತೂತುಗಳು ಇಂದಿಗೂ ಇವೆ. ನೆಲದಲ್ಲಿ ಸ್ಕ್ರೂ ಬಿದ್ದಿರಬಹುದೆಂಬ ಹಳೆಯ ಎಚ್ಚರದಿಂದ ಬೀದಿಯಲ್ಲೂ ಮುಂಗಾಲೂರಿ, ತಡವಿ ತಡವಿ ಹೆಜ್ಜೆಯಿಡುವ ಅವಳನ್ನು ಕಂಡವರಿಗೆ ಅಂಜುಬುರುಕಿ ಎನಿಸಬೇಕು. ಆ ಯಜಮಾನನಿಗೂ ಹಾಗೇ ಅನಿಸಿತ್ತು. ಅದಕ್ಕೇ ಚೀಟಿ ಬರೆದುಕೊಂಡು ಬಂದ.

ಅಂದು ಒಬ್ಬ ಟ್ಯಾಕ್ಸಿ ಚಾಲಕ ತನ್ನ ಕಾರಿನ ಸಬ್‌ವೂಫರ್ ಎಂಬ ದಪ್ಪದನಿಯ ಸ್ಪೀಕರನ್ನೂ ಆಂಪ್ಲಿಫೈಯರನ್ನೂ ಅವಳ ಮೇಜಿನ ಮೇಲಿಟ್ಟಿದ್ದ. ಎರಡೂ ಅದೇ ಅಂಗಡಿಯಲ್ಲಿ ಕೊಂಡು, ಅಲ್ಲೇ ಕೂರಿಸಿಕೊಂಡದ್ದು. ಮೂರನೆಯ ವಾರಕ್ಕೇ ಸುಟ್ಟ ವಾಸನೆ. ಯಜಮಾನನೋ, ಅಕ್ಕನಿಗೆ ಬರುವ ಕೆಲಸದ ಮುಕ್ಕಾಲು ಪಾಲು ಕಳಿಸುವವನು.

"ಗಿರಾಕಿನೇ ಜಾಸ್ತಿ ಪವರ್ ಕೊಟ್ಟು ಸುಟ್ಟಿದಾನೆ ಅಂತ ಬರೆದಿದೀನಿ. ಒಂದು ಸಹಿ ಹಾಕಮ್ಮ. ಗ್ಯಾರಂಟಿ ಗಲಾಟೆ ತಪ್ಪುತ್ತೆ, ನಿನ್ನ ಕೂಲಿನೂ ಇವತ್ತೇ ಕೊಡ್ತೀನಿ."

"ಅಳೆದ್ರಾ?"

ಅವಳು ಹತ್ತೂ ಬೆರಳುಗಳಿಂದ ವೂಫರಿನಲ್ಲಿ ಸದ್ದಿಗೆ ಅದುರುವ ಕೋನ್ ಬಟ್ಟಲನ್ನು ಸಮವಾಗಿ ಒತ್ತಿ ಕಿವಿಗೊಟ್ಟಳು, ಒಳಗೆ ಕರಕರ. ಮೀಟರು ಇಟ್ಟಳು, ಒಳಗಿನ ತಂತಿಸುರುಳಿಯಾದ ಕಾಯಿಲ್ ಸತ್ತಿತ್ತು. ಚಾಲಕ ಜೊತೆಗೆ ತಂದಿದ್ದ ಆಂಪ್ಲಿಫೈಯರಿನ ರಟ್ಟಿನ ಪೆಟ್ಟಿಗೆಯ ಮೇಲೆ ಜ್ವಾಲೆಗಳ ಚಿತ್ರದ ನಡುವೆ ಎರಡು ಸಾವಿರ ವ್ಯಾಟ್; ಒಳಗಿನ ಹಾಳೆಯಲ್ಲಿ ಇರುವೆಯಂಥ ಅಕ್ಷರದಲ್ಲಿ, ಅದು ನಿರಂತರವಾಗಿ ಕೊಡುವುದು ನೂರೈವತ್ತು. ವೂಫರಿಗೆ ಬೇಕಿದ್ದದ್ದು ಇನ್ನೂರೈವತ್ತು.

"ಜಾಸ್ತಿ ಪವರ್ ಎಲ್ಲಿ ಬಂತು ಸಾರ್? ಬಡಪಾಯಿ ಆಂಪ್ಲಿಫೈಯರ್ ಕತ್ತು ಹಿಸುಕಿ ಅರಚಿಸಿದಾರೆ. ತ್ರಾಣ ಇಲ್ಲದ್ದು ಅರಚಿದ್ರೆ ದನಿ ಒಡೆಯುತ್ತೆ, ಕಾಯಿಲ್ ಕಾದು ಸುಡುತ್ತೆ."

"ಅರಚಿಸಿದ್ದು ಇವನೇ ತಾನೇ?"

"ನಾನು ಮುಟ್ಟೇ ಇಲ್ಲಕ್ಕಾ," ಎಂದ ಚಾಲಕ.

ಅಕ್ಕ ಆಂಪ್ಲಿಫೈಯರನ್ನು ಬೆಳಕಿಗೆ ಹಿಡಿದಳು. ಒಳಬರುವ ಸದ್ದನ್ನು ಹಿಗ್ಗಿಸುವ ಗೇನ್ ತಿರುಪು ಕೊನೆಮುಟ್ಟ ತಿರುಗಿತ್ತು. ಅದರ ಮೇಲೆ, ಗಿರಾಕಿ ಕೈಯಾಡಿಸಿದರೆ ಗೊತ್ತಾಗಲೆಂದು ಅಂಗಡಿಯವರೇ ಹಚ್ಚುವ ಕೆಂಪು ಬಣ್ಣದ ಮುದ್ರೆ ಕೂದಲೆಳೆಯಷ್ಟೂ ಬಿರಿಯದೆ ಹೊಳೆಯುತ್ತಿತ್ತು.

"ಇದು ನಿಮ್ಮದೇ ಮುದ್ರೆ ಅಲ್ವಾ?"

ಯಜಮಾನ ಕೆಮ್ಮಿದ. "ನಿಂಗೆ ಮನೆ ನಡೀಬೇಕಾ, ಬೇಡ್ವಾ?"

"ಕಾರ್ಖಾನೆನೇ ನಿಲ್ಲಿಸಿದೋಳಿಗೆ ಮನೆ ನಡೆಸೋಕೆ ಬರಲ್ವಾ?"

ಅದೇ ಚೀಟಿಯಲ್ಲಿ ಅವನ ಸಾಲನ್ನು ಹೊಡೆದುಹಾಕಿ, ತಾನು ಅಳೆದದ್ದನ್ನು ಬರೆದು, ಸಹಿ ಮಾಡಿ ಚಾಲಕನಿಗೆ ಕೊಟ್ಟಳು. ಅವನು ಅದನ್ನೇ ಅಂಗಡಿಯ ಮುಂದೆ ಹಿಡಿದು ನಿಂತು ಆಂಪ್ಲಿಫೈಯರಿನ ದುಡ್ಡು ವಾಪಸ್ ಪಡೆದ. ಅಕ್ಕ ಹೊಸ ಕಾಯಿಲನ್ನು ಕಾಗದದ ಪಟ್ಟಿಗಳ ನಡುವೆ ನೇರ ಕೂರಿಸಿ, ಅಂಟು ಒಣಗಲು ಒಂದು ಹಗಲು ಒಂದು ರಾತ್ರಿ ಯಾರಿಗೂ ಮುಟ್ಟಗೊಡಲಿಲ್ಲ. ವೂಫರಿನ ನಾಲ್ಕು ಓಮಿನ ತಡೆಗೆ ಸುಸ್ತಾಗದೆ ಇನ್ನೂರೈವತ್ತು ವ್ಯಾಟ್ ಕೊಡುವ, ಮೈಯೆಲ್ಲ ಗೀರುಬಿದ್ದ ಹಳೆಯ ಆಂಪ್ಲಿಫೈಯರೊಂದನ್ನು ಹುಡುಕಿ ತಂದಳು. ಚಾಲಕನ ಮುಖ ಸಪ್ಪಗಾಯಿತು.

"ನೋಡೋಕೆ ಚೆನ್ನಾಗಿಲ್ವಲ್ಲಕ್ಕಾ."

"ಹಾಡಿಸೋಕೆ ತಾನೇ? ಮದುವೆ ಆಗೋಕಾ?"

ಅಂದಿನಿಂದ ಯಜಮಾನ ಕೆಲಸ ಕಳಿಸುವುದನ್ನು ನಿಲ್ಲಿಸಿದ್ದಾನೆ, ಕೂಲಿಯನ್ನೂ ತಡೆಹಿಡಿದಿದ್ದಾನೆ. ಅವಳು ಇಂದಿಗೂ ಆ ಅಂಗಡಿಯ ಮುಂದೆಯೇ, ಅದೇ ಕೋಟಿನಲ್ಲಿ, ಅದೇ ಮುಂಗಾಲಿನ ನಡಿಗೆಯಲ್ಲಿ ಹಾದುಹೋಗುತ್ತಾಳೆ. ಚಳವಳಿಯಲ್ಲಿ ಮೈಕು ಹಿಡಿದ ಎಷ್ಟೋ ಎರಡು ಸಾವಿರ ವ್ಯಾಟಿನವರು ನೂರೈವತ್ತಕ್ಕೇ ಸುಟ್ಟುಹೋದದ್ದನ್ನು ಕಂಡಿದ್ದೇನೆ. ನಾನೂ ಆ ಪೈಕಿ. ಅಳೆದು ಆಡುವವರ ಜಾತಿಯೇ ಬೇರೆ. ಅವರಿಗೆ ಅರಚುವ ಪ್ರಮೇಯ ಬರುವುದಿಲ್ಲ, ಆದ್ದರಿಂದಲೇ ಅವರ ಪಾಲನ್ನು ನುಂಗುವುದು ಸುಲಭ.

ಈಗ ಅರಚುವ ಸರದಿ ನಿಮ್ಮದು. ಆ ಅಂಗಡಿಗೆ ಹೋದರೆ ಬೆಲೆ ವಿಚಾರಿಸುವ ಮೊದಲು ಗಲ್ಲಾದ ಮುಂದೆ ನಿಂತು, ನಾಲ್ಕು ಜನಕ್ಕೆ ಕೇಳುವಂತೆ ಕೇಳಿ: ಅಳತೆ ಅಕ್ಕನ ಹನ್ನೊಂದು ಸ್ಪೀಕರಿನ ಕೂಲಿ ಎಲ್ಲಿ?