ಹದಿನೇಳು ಚೀಟಿ

ನಾಯಕತ್ವ ಎನ್ನುವ ಪದ ಕಿವಿಗೆ ಬಿದ್ದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ತಾಂತಾ ಊರಿನ ನಮ್ಮ ಶಾಲೆಗೆ ಅದನ್ನು ಹೊತ್ತು ತಂದವನು ಹಾಝಿಮ್, ಒಂದು ಕಾಲಕ್ಕೆ ನನ್ನದೇ ವಿದ್ಯಾರ್ಥಿ. ನಾಲ್ಕನೇ ಕ್ಲಾಸಿನಲ್ಲಿ ನಾನೇ ಅವನನ್ನು ಮಾನಿಟರ್ ಮಾಡಿದ್ದೆ. ನಾನಿಲ್ಲದಾಗ ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು ಅವನ ಕೆಲಸ. ತಾಮಿಯಾ ವಡೆ ತುಂಬಿದ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟವರ ಹೆಸರನ್ನು ಅಳಿಸುತ್ತಿದ್ದನಂತೆ. ಗೊತ್ತಾದಾಗ ನಕ್ಕು ಸುಮ್ಮನಾಗಿದ್ದೆ. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದಂತೆ. ಬೆಳೆಯುವ ಹೊಲಸೂ ಅಲ್ಲೇ ಕಾಣುತ್ತದೆ, ನೋಡುವ ಕಣ್ಣು ನನಗಿರಲಿಲ್ಲ.

ಈಗ ಅವನು ಸೂಟು ಹಾಕಿಕೊಂಡು ಕಂಪನಿಯವರಿಗೆ ನಾಯಕತ್ವ ಕಲಿಸುತ್ತಾನೆ. ನಮ್ಮ ಶಾಲೆಯ ಮಾಲೀಕ ಹಾಜಿ ಶೌಕತ್‌ಗೆ ಟೈಲ್ಸ್ ಕಾರ್ಖಾನೆಯೂ ಇದೆ. ಅಲ್ಲಿ ಹಾಝಿಮ್‌ನ ಪಾಠ ಮುಗಿದ ಮೇಲೆ, ಅದೇ ಮದ್ದು ಶಾಲೆಗೂ ಆಗಲಿ ಎಂದ ಹಾಜಿ. ಟೈಲ್ಸಿಗೂ ಮಕ್ಕಳಿಗೂ ಅವನಿಗೆ ಅಂಥ ವ್ಯತ್ಯಾಸವೇನೂ ಕಂಡಿರಲಿಲ್ಲ. ನಾನು ಏಳು ವರ್ಷದಿಂದ ಪ್ರಭಾರ ಮುಖ್ಯೋಪಾಧ್ಯಾಯಿನಿ. "ಅಬ್ಲಾ ಇನ್ಶಿರಾ, ಇದೊಂದು ಟ್ರೇನಿಂಗ್ ಮುಗಿಸಿಬಿಡಿ. ಆ 'ಪ್ರಭಾರ' ಕಿತ್ತುಹಾಕ್ತೀನಿ" ಅಂದಿದ್ದ. ಟೀಚರನ್ನು ನಮ್ಮಲ್ಲಿ ಅಬ್ಲಾ ಅನ್ನುತ್ತಾರೆ. ನನಗೂ ಆಸೆ ಇತ್ತು. ಸುಳ್ಳು ಯಾಕೆ ಹೇಳಲಿ?

ಗುರುವಾರ ಶಾಲೆ ಬಿಟ್ಟ ಮೇಲೆ ನಾವು ಇಪ್ಪತ್ತೆರಡು ಜನ ಶಿಕ್ಷಕರು ಲೈಬ್ರರಿಯಲ್ಲಿ ಕೂತೆವು. ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಆಯಾ ನಬವಿಯಾ ಎಲ್ಲರಿಗೂ ಚಹಾ ಕೊಟ್ಟಳು. ಮೂವತ್ತು ವರ್ಷದಿಂದ ಗೇಟು ತೆಗೆಯುವವಳು, ಗಂಟೆ ಹೊಡೆಯುವವಳು, ಬಿದ್ದ ಮಕ್ಕಳ ಮಂಡಿ ತೊಳೆಯುವವಳು ಅವಳೇ.

"ಶಾಲೆ ಆಗ್ಲಿ, ಬಿಸಿನೆಸ್ ಆಗ್ಲಿ, ಲೀಡರ್ ಅಂದ್ರೆ ಕಠಿಣ ನಿರ್ಧಾರ ತಗೊಳ್ಳೋನು" ಎಂದ ಹಾಝಿಮ್. "ಈ ಶಾಲೇಲಿ ಯಾರು ಇಲ್ದಿದ್ರೂ ನಡೆಯುತ್ತೆ? ಒಂದೇ ಒಂದು ಹೆಸರು ಬರೀರಿ. ಹೆದರ್ಬೇಡಿ, ಬರೀ ಆಟ."

ನಾವು ಮುಖ ಮುಖ ನೋಡಿಕೊಂಡೆವು. ಪಕ್ಕದಲ್ಲಿ ಕೂತವರ ಹೆಸರು ಬರೆಯುವುದು ಹೇಗೆ? ನಾಳೆ ಅವರ ಮುಖ ನೋಡಬೇಕಲ್ಲ.

"ಖಾಲಾ, ಆ ಟ್ರೇ ಖಾಲಿ ಮಾಡಿ ಚೀಟಿ ತಗೊಂಡು ಬಾ" ಎಂದ ಅವನು. ನಬವಿಯಾ ಟ್ರೇ ಒರೆಸಿಕೊಂಡು ಒಬ್ಬೊಬ್ಬರ ಮುಂದೆಯೂ ನಿಂತಳು. ನನ್ನ ಮುಂದೆ ಬಂದಾಗ, "ಸಕ್ಕರೆ ಸಾಕಾಯ್ತಾ ಅಬ್ಲಾ?" ಎಂದು ಕೇಳಿದಳು. ಸಾಕು ಎಂದು ಚೀಟಿ ಹಾಕಿದೆ. ಅದರಲ್ಲಿ ಅವಳದೇ ಹೆಸರಿತ್ತು. ಅವಳಿಗೆ ಓದಲು ಬಾರದು, ಗೊತ್ತಾಗುವುದಿಲ್ಲ, ನೋವಾಗುವುದಿಲ್ಲ ಎಂದುಕೊಂಡಿದ್ದೆ. ಎಂಥ ಬುದ್ಧಿವಂತೆ ನಾನು!

ಶುಕ್ರವಾರ, ಶನಿವಾರದ ರಜೆ ಕಳೆದು ಭಾನುವಾರ ಬೆಳಿಗ್ಗೆ ಮಕ್ಕಳು ಅಂಗಳದಲ್ಲಿ ಸಾಲು ನಿಲ್ಲುವ ಮೊದಲೇ ಹಾಜಿ ನನ್ನನ್ನು ಕರೆಸಿದ. ಪಕ್ಕದಲ್ಲಿ ಹಾಝಿಮ್ ಕೂತಿದ್ದ. "ಮಬ್ರೂಕ್, ಮುಖ್ಯೋಪಾಧ್ಯಾಯಿನಿ!" ಎಂದು ಹಾಜಿ ನನ್ನ ಕೈಗೆ ಎರಡು ಕಾಗದ ಕೊಟ್ಟ. ಒಂದು ನನ್ನ ನೇಮಕದ್ದು. ಇನ್ನೊಂದು ನಬವಿಯಾಳನ್ನು ಕೆಲಸದಿಂದ ತೆಗೆದದ್ದು.

"ಇಪ್ಪತ್ತೆರಡರಲ್ಲಿ ಹದಿನೇಳು ಚೀಟೀಲಿ ಅವಳ ಹೆಸರು. ಇನ್ನೇನು ಬೇಕು?" ಎಂದ ಹಾಜಿ.

ಹದಿನೇಳು! ಹದಿನೇಳು ಬುದ್ಧಿವಂತರು, ಎಲ್ಲರಿಗೂ ಒಂದೇ ಯೋಚನೆ.

"ಆಟ ಅಂದಿದ್ದಿ ಕಣೋ!" ಎಂದು ಹಾಝಿಮ್‌ನ ಮೇಲೆ ಹರಿಹಾಯ್ದೆ.

"ಆಟದಲ್ಲೇ ನಿಜ ಹೊರಗೆ ಬರೋದು, ಅಬ್ಲಾ."

"ಹೋದ ವರ್ಷ ಲ್ಯಾಬಿನಲ್ಲಿ ಹೊಗೆ ಎದ್ದಾಗ ಆರುನೂರು ಮಕ್ಕಳನ್ನ ಗೀರಿಲ್ಲದೆ ಹೊರಗೆ ತಂದೋಳು ಅವಳು. ನಾವೆಲ್ಲ ಬೀಗದ ಕೈ ಹುಡುಕ್ತಾ ಇದ್ವಿ!"

"ಅವಳಿಗೆ ಕಾಗದ ನೀವೇ ಕೊಡಿ" ಎಂದ ಹಾಜಿ, ನನ್ನ ಮಾತು ಕೇಳಿಸಿಯೇ ಇಲ್ಲವೆಂಬಂತೆ. "ಲೀಡರ್ ಆದ್ಮೇಲೆ ಇದೇ ನಿಮ್ಮ ಮೊದಲನೇ ಕೆಲಸ."

ನಬವಿಯಾ ಗೇಟಿನಲ್ಲಿದ್ದಳು. ಕಾಗದ ತಗೊಂಡು, ತಿರುಗಿಸಿ ನೋಡಿ, ವಾಪಸ್ ನನಗೇ ಕೊಟ್ಟಳು. "ನನಗೆಲ್ಲಿ ಬರುತ್ತೆ? ನೀವೇ ಓದಿ ಹೇಳಿ ಅಬ್ಲಾ."

ಓದಿದೆ. ಹದಿನೇಳು ಚೀಟಿಯ ಮಾತೂ ಅದರಲ್ಲಿತ್ತು.

"ಆ ಚೀಟಿಗಳನ್ನ ನಾನೇ ತಾನೆ ಎತ್ತಿದ್ದು?" ಎಂದಳು. "ಯಾರ್ಯಾರು ಬರೆದದ್ದು?"

"ನಾನೂ ಬರೆದೆ, ಖಾಲಾ."

ಅವಳು ಅಳಲಿಲ್ಲ. ಮುಖ ಕೆಂಪಾಯಿತು. "ಓದೋಕೆ ಬರಲ್ಲ ಅಂತ ತಾನೆ? ಇಲ್ಲಿ ಮೂಲೇಲಿ ನಿಂತು ನನ್ನ ಕಿವೀಲಿ ಹೇಳ್ತೀರಲ್ಲ. ಅಲ್ಲಿ ಹೇಳಿ, ಮಕ್ಕಳ ಮುಂದೆ. ಅವರು ಓದೋಕೆ ಕಲ್ತಿದ್ದಾರೆ."

ಧ್ವಜವಂದನೆ ಮುಗಿದಿತ್ತು. ನಾನು ಮೈಕಿನ ಮುಂದೆ ಹೋಗಿ ಅವಳ ಕಾಗದವನ್ನು ಗಟ್ಟಿಯಾಗಿ ಓದಿದೆ. "ಹದಿನೇಳು ಜನರಲ್ಲಿ ನಾನೊಬ್ಬಳು" ಎನ್ನುವಷ್ಟರಲ್ಲಿ ಮೈಕ್ ಸತ್ತಿತು. ಹಾಜಿ ಆಫ್ ಮಾಡಿಸಿದ್ದ. ಇಪ್ಪತ್ತಾರು ವರ್ಷ ಅರವತ್ತು ಮಕ್ಕಳ ಕ್ಲಾಸಿನಲ್ಲಿ ಕಿರುಚಿದವಳಿಗೆ ಮೈಕ್ ಯಾಕೆ? "ಉಳಿದ ಹದಿನಾರು ಜನ ಮುಂದೆ ಬನ್ನಿ!" ಎಂದು ಕೂಗಿದೆ. ಶಿಕ್ಷಕರ ಸಾಲು ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿತ್ತು. ಒಬ್ಬರೂ ಕದಲಲಿಲ್ಲ.

"ನಿಮ್ಮದೂ ಇವತ್ತಿಗೆ ಮುಗೀತು!" ಎಂದು ಹಾಜಿ ಅರಚಿದ. ಹಾಝಿಮ್ ಓಡಿಹೋಗಿ ತಾನೇ ಗಂಟೆ ಹೊಡೆದ. ಒಂದು ಸಲ, ಎರಡು ಸಲ. "ಕ್ಲಾಸಿಗೆ ನಡೀರಿ!" ಎಂದು ಕೈ ಬೀಸಿದ. ಆರುನೂರು ಮಕ್ಕಳಲ್ಲಿ ಒಂದೂ ಅಲುಗಾಡಲಿಲ್ಲ. ಎಲ್ಲರೂ ಗೇಟಿನ ಕಡೆ ನೋಡುತ್ತಿದ್ದರು.

ನಬವಿಯಾ ತನ್ನ ಚೀಲ ಹೆಗಲಿಗೇರಿಸಿಕೊಂಡಿದ್ದಳು. ಎಂದಿನಂತೆ ಕೈ ಎತ್ತಿದಳು. "ಹೋಗ್ರಮ್ಮಾ, ಹೋಗ್ರಪ್ಪಾ. ಚಿಕ್ಕವರು ಮೊದಲು. ತಳ್ಳಾಡ್ಬೇಡಿ."

ಮಕ್ಕಳು ಹೋದರು, ಚಿಕ್ಕವರು ಮೊದಲು. ಅವಳ ಹೆಸರು ಬರೆದವರೂ ಅವರ ಹಿಂದೆಯೇ ಸಾಲಾಗಿ ಹೋದರು.

ಆಮೇಲೆ ಅವಳು ಗೇಟು ದಾಟಿ ಹೊರಟಳು. ನಾನು ನನ್ನ ನೇಮಕದ ಕಾಗದವನ್ನು ಅಲ್ಲೇ ಬಿಸಾಕಿ ಹಿಂದೆ ಓಡಿದೆ. "ಖಾಲಾ" ಎಂದು ಎರಡು ಸಲ ಕರೆದೆ. ಅವಳು ತಿರುಗಲಿಲ್ಲ, ನಡಿಗೆಯನ್ನೂ ನಿಧಾನ ಮಾಡಲಿಲ್ಲ. ಯಾಕೆ ಮಾಡಬೇಕು? ಸ್ಟೇಷನ್ ರಸ್ತೆಯುದ್ದಕ್ಕೂ ನಾನು ಅವಳ ಹಿಂದೆಯೇ ನಡೆದೆ.