ಪಾವಿನ ಒಲೆಗೆ ಚೆಂಡುಹೂವಿನ ಮಾಲೆ

ನಾನು ಒಂದು ಒಲೆ. ಅಡುಗೆಮನೆಯ ಮೂಲೆಯಲ್ಲಿ ಕೂತು ಸಾರು ಕುದಿಸುವ ಒಲೆಯಲ್ಲ, ಊರಿಗೆಲ್ಲ ಪಾವ್ ಸುಡುವ ಒಲೆ. ಗೋವಾದಲ್ಲಿ, ಸಾಲ್ ನದಿಯ ಹತ್ತಿರದ, ಇಲ್ಲಿಯವರು ವಾಡೆ ಎನ್ನುವ ಒಂದು ಕೇರಿಯಲ್ಲಿ ನಾನು ಹುಟ್ಟಿದೆ. ಮಿಂಗೆಲ್ ಎಂಬ ಪಾವ್ ಮಾಡುವವನು ಗದ್ದೆಯ ಅಂಟುಮಣ್ಣನ್ನು ಕಾಲಲ್ಲಿ ತುಳಿದು, ಕೆಂಪುಕಲ್ಲಿನ ಕಟ್ಟೆಯ ಮೇಲೆ ನನ್ನನ್ನು ಗುಮ್ಮಟದ ಹಾಗೆ ಕಟ್ಟಿದ. ಶಾಖ ನಿಲ್ಲಲೆಂದು ನೆಲದ ಹಂಚಿನ ಕೆಳಗೆ ಹರಳುಪ್ಪನ್ನೂ ಒಡೆದ ಗಾಜನ್ನೂ ತುಂಬಿದ. ಗಾಜೆಲ್ಲ ಪೋರ್ಚುಗೀಸ್ ಅಧಿಕಾರಿಗಳು ಕುಡಿದು ಎಸೆದ ವೈನ್ ಬಾಟಲಿಗಳದು. ನನ್ನ ಹೊಟ್ಟೆಯಲ್ಲಿ ಒಂದು ಸಾಮ್ರಾಜ್ಯದ ಚೂರುಗಳಿವೆ ಎಂದು ನಾನು ಜಂಬ ಕೊಚ್ಚಿಕೊಳ್ಳುವುದೂ ಉಂಟು.

ನನ್ನ ಬಾಯಿ ಮನುಷ್ಯರ ಸೊಂಟದ ಮಟ್ಟಕ್ಕಿದೆ. ಹಾಗಾಗಿ ನನಗೆ ಜನರ ಮುಖಕ್ಕಿಂತ ಕೈಗಳ ಪರಿಚಯವೇ ಹೆಚ್ಚು. ಮಿಂಗೆಲ್‌ನ ಕೈ ಒರಟು, ಅವನ ಮಗ ಇನಾಸ್‌ನದು ಹಗುರ. ತೆಂಗಿನ ಕಳ್ಳು ಹಾಕಿ ಹುಳಿ ಬರಿಸಿದ ಹಿಟ್ಟು ಇನಾಸ್‌ನ ಕೈಗೆ ಬಂದರೆ ಹೇಳಿದ ಮಾತು ಕೇಳುತ್ತಿತ್ತು. ಬೆಂದ ಪಾವನ್ನು ಮಗುಚಿ ಅಡಿಗೆ ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಟೊಳ್ಳು ಸದ್ದು ಕೇಳಿದ ಮೇಲಷ್ಟೇ ಬುಟ್ಟಿಗೆ ಹಾಕುತ್ತಿದ್ದ. ತಂದೆ ಮಗ ಇಬ್ಬರದೂ ಒಂದೇ ನಿಯಮ: ನನ್ನ ಬೆಂಕಿ ಪೂರ್ತಿ ಆರಬಾರದು. ಯಾಕೆಂದು ಇಬ್ಬರೂ ಯಾರಿಗೂ ಬಿಡಿಸಿ ಹೇಳಿದವರಲ್ಲ.

ಮೊದಲು ಬಿಳಿಯ ಸಿಪಾಯಿಗಳು ನನ್ನ ಪಾವ್ ತಿಂದರು. ಒಂದು ಡಿಸೆಂಬರಿನಲ್ಲಿ ದೂರದಲ್ಲೆಲ್ಲೋ ಸೇತುವೆ ಸಿಡಿದ ಸದ್ದಾಯಿತು. ಎರಡೇ ದಿನದಲ್ಲಿ ಆ ಸಿಪಾಯಿಗಳು ಮಾಯವಾಗಿ ಬೇರೆ ಸಿಪಾಯಿಗಳು ಬಂದರು. ಬಂದವರಿಗೂ ಹಸಿವಿತ್ತು, ಇನಾಸ್ ಅವರಿಗೂ ಕೊಟ್ಟ. ಆಮೇಲೆ ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕೋ ಬೇಡವೋ ಎಂದು ಮತ ಹಾಕುವ ಕಾಲ ಬಂತು. ನನ್ನೆದುರಿಗೇ ಜನ ಕಿತ್ತಾಡಿಕೊಂಡರು, ಮತ್ತು ಕಿತ್ತಾಡುತ್ತಲೇ ಒಂದೇ ಬುಟ್ಟಿಗೆ ಕೈ ಹಾಕಿದರು. ಗೋವಾ ಬೇರೆಯಾಗಿಯೇ ಉಳಿಯಿತು, ಬಹಳ ವರ್ಷಗಳ ಮೇಲೆ ರಾಜ್ಯವೂ ಆಯಿತು. ನಡುವೆ ಉದ್ದಕೂದಲಿನ ವಿದೇಶಿಯರು ಮೈಮೇಲೆ ಬಟ್ಟೆ ಇದೆಯೋ ಇಲ್ಲವೋ ಎಂಬಂತೆ ಬಂದು ನಿಂತರೆ, ಇನಾಸ್‌ನ ಹೆಂಡತಿ ಪಿಯೆದಾದ್ ಮುಖ ಆಚೆ ತಿರುಗಿಸಿಕೊಂಡೇ ಪಾವ್ ಕೊಡುತ್ತಿದ್ದಳು.

ಊರಿನ ಗಂಡಸರು ಹಡಗಿನ ಕೆಲಸ ಹಿಡಿದರು, ಹಿಟ್ಟು ನಾದಲು ಕೈಗಳು ಸಿಗದಾದವು. ಆಗ ಬಂದವನು ಫಕೀರಪ್ಪ. ರೋಣದ ಕಡೆಯವನು, ರಸ್ತೆ ಕೆಲಸಕ್ಕೆ ಕಲ್ಲು ಹೊರಲು ಹೆಂಡತಿ ನೀಲವ್ವನ ಜೊತೆ ಗೋವಾಕ್ಕೆ ಬಂದಿದ್ದ. ಇನಾಸ್ ಅವನನ್ನು ಕರೆದು ಹಿಟ್ಟಿನ ಮುಂದೆ ನಿಲ್ಲಿಸಿದ. ರೊಟ್ಟಿ ತಟ್ಟುವ ಸೀಮೆಯವನಿಗೆ ಪಾವ್ ಕಲಿಯುವುದು ಕಷ್ಟವಾಯಿತು, ಆದರೆ ಕಲಿತ. ಇನಾಸ್ ತೀರಿಕೊಂಡ ಮೇಲೆ ನಾನು ಪೂರ್ತಿ ಅವನ ಕೈಗೆ ಬಂದೆ.

ಊರಿಗೆ ಇದು ಹಿಡಿಸಲಿಲ್ಲ. ಘಟ್ಟದ ಮೇಲಿನವನು ಗೋವಾದ ಪಾವ್ ಮಾಡುವುದೆಂದರೇನು ಎಂದು ಮೂಗು ಮುರಿದರು, ಮೂಗು ಮುರಿಯುತ್ತಲೇ ತಿಂದರು. ಪಿಯೆದಾದಳ ಸೋದರಳಿಯ ಸಾವಿಯೊನಿಗಂತೂ ನನ್ನನ್ನು ಒಡೆದು ಆ ಜಾಗದಲ್ಲಿ ಪ್ರವಾಸಿಗರಿಗೆ ಕೋಣೆ ಕಟ್ಟಿಸುವ ಆಸೆ. ಪಿಯೆದಾದ್ ಜಗಲಿಯಲ್ಲಿ ಮೀನೂಟದ ಖಾನಾವಳಿ ನಡೆಸುವ ಗಟ್ಟಿ ಬಾಯಿಯ ಹೆಂಗಸು. ಅಳಿಯನ ಕಾಟ ತಾಳಲಾರದೆ ಒಂದು ಮಾತು ಕೊಟ್ಟುಬಿಟ್ಟಳು: ಪಾವ್ ಬರುವ ತನಕ ಒಲೆ ಇರುತ್ತದೆ, ಪಾವ್ ನಿಂತರೆ ಜಾಗ ನಿನ್ನದು. ಅಂದಿನಿಂದ ನನ್ನ ಜೀವವೂ ಫಕೀರಪ್ಪನ ಅನ್ನವೂ ಒಂದೇ ಕಟ್ಟಿಗೆಯ ಮೇಲೆ ಉರಿಯತೊಡಗಿದವು.

ಆ ವರ್ಷ ಆಯುಧಪೂಜೆ ಬಂತು. ಫಕೀರಪ್ಪನ ಊರಿನಲ್ಲಿ ಅಂದು ನೇಗಿಲು, ಕುಡುಗೋಲು, ತಕ್ಕಡಿ ಎಲ್ಲವನ್ನೂ ತೊಳೆದು ಪೂಜಿಸಿ ಕೆಲಸದಿಂದ ಬಿಡುವು ಕೊಡುತ್ತಾರೆ. ಇನಾಸ್ ಇದ್ದಾಗ ಕೇಳಲು ಸಂಕೋಚವಿತ್ತು, ಈಗ ಒಲೆ ಅವನ ಕೈಯಲ್ಲಿತ್ತು.

"ಅನ್ನಾ ಕೊಡೂ ಒಲಿ ಐತಿ," ಎಂದ ನೀಲವ್ವನಿಗೆ. "ವರ್ಷಕ್ಕ ಒಂದಿನಾರ ಇದಕ್ಕ ಜಳಕ ಬ್ಯಾಡೇನು?"

ಕೆಂಡ, ಬೂದಿ ಎಲ್ಲ ಎಳೆದು ಹಾಕಿದ. ನೀರು ತಂದು ಕೊಡಗಟ್ಟಲೆ ನನ್ನೊಳಗೆ ಸುರಿದ. ತಲೆಮಾರುಗಳಿಂದ ಆರದಿದ್ದ ಮೈ ನನ್ನದು. ನೆತ್ತಿಯಿಂದ ಬಾಯಿಯ ತನಕ ಫಟ್ ಎಂದು ಸೀಳಿಹೋದೆ. ಅವನಿಗೆ ತಿಳಿಯಲಿಲ್ಲ, ಮಣ್ಣು ನೀರು ಕುಡಿಯುತ್ತಿದೆ ಎಂದುಕೊಂಡ. ವಿಭೂತಿ ಬಳಿದ, ಕುಂಕುಮ ಇಟ್ಟ, ಚೆಂಡುಹೂವಿನ ಮಾಲೆ ಹಾಕಿ ನನ್ನೆದುರು ಅಡ್ಡಬಿದ್ದ. ನನಗೆ ನೋವಾಗಿತ್ತು, ಸಿಟ್ಟೂ ಬಂದಿತ್ತು. ಆದರೂ ಆ ಮಾಲೆಯ ತಂಪು ಹಾಯೆನಿಸಿತು.

ಮರುದಿನ ಬೆಂಕಿ ಹಚ್ಚಿದರೆ ಹೊಗೆಯೆಲ್ಲ ಬಿರುಕಿನಿಂದ ಮೇಲೆದ್ದಿತು. ಪಾವ್ ಅಡಿ ಕರಕಲಾಗಿ ಒಳಗೆ ಹಸಿಯಾಗಿಯೇ ಉಳಿಯಿತು. ಮಧ್ಯಾಹ್ನದೊಳಗೆ ಸಾವಿಯೊ ಅಳತೆಯ ಟೇಪು ಹಿಡಿದು ಬಂದ. ಫಕೀರಪ್ಪ ಗೋಡೆಗೊರಗಿ ನಿಂತು, ತನ್ನ ಕೈಯಾರೆ ಕೊಂದೆನಲ್ಲ ಎಂದು ಅತ್ತುಬಿಟ್ಟ.

ಪಿಯೆದಾದ್ ಬಂದಳು. ಬೈಗುಳದ ಮಳೆ ಸುರಿಯುತ್ತದೆ ಎಂದು ಎಲ್ಲರೂ ಕಾದರು, ನಾನೂ ಕಾದೆ. ಅವಳು ಬಗ್ಗಿ ಬಿರುಕಿಗೆ ಬೆರಳು ಹಾಕಿ ನೋಡಿದಳು. ಆಮೇಲೆ ಬಾಡಿದ ಮಾಲೆಯನ್ನು ಮುಟ್ಟಿದಳು. ಇದನ್ನು ಹಾಕಿದವರು ಯಾರು ಎಂದು ಕೇಳಿದಳು. ಫಕೀರಪ್ಪ ತಲೆ ತಗ್ಗಿಸಿ ತಾನೇ ಎಂದ.

"ನಾವೆಲ್ಲ ಇದರಿಂದಲೇ ಉಂಡೆವು, ಪುತಾ," ಎಂದಳು ಕೊಂಕಣಿಯಲ್ಲಿ. "ಇದಕ್ಕೊಂದು ಹೂ ಇಡಬೇಕು ಅಂತ ನಮಗ್ಯಾರಿಗೂ ಹೊಳೆಯಲಿಲ್ಲ."

ಮತ್ತೆ ಸಾವಿಯೊನ ಕಡೆ ತಿರುಗಿ, ಬರುವ ವಾರ ಪಕ್ಕದ ಮನೆಯ ಫಿಲೊಮೆನಳ ಮಗಳ ಮದುವೆ, ಆ ಮದುವೆಗೆ ಈ ಒಲೆಯಿಂದ ಪಾವ್ ಹೋಗದಿದ್ದರೆ ಬಂದು ಒಡೆ, ಅಲ್ಲಿಯತನಕ ಟೇಪು ಸುತ್ತಿಟ್ಟುಕೋ ಎಂದಳು.

ಅಂದೇ ಇಬ್ಬರು ಹೆಂಗಸರು ಸೆರಗು ಸಿಕ್ಕಿಸಿ ಕೂತರು. ಗದ್ದೆಯ ಮಣ್ಣು ಎಲ್ಲಿಯದು, ಉಪ್ಪೆಷ್ಟು ಎಂದು ಪಿಯೆದಾದ್ ಹೇಳಿದಳು. ನೀಲವ್ವ ತನ್ನೂರಿನ ಒಲೆ ಸಾರಿಸುವಂತೆ ಹುಲ್ಲು ಕಲಸಿದ ಮಣ್ಣನ್ನು ಬಿರುಕಿಗೆ ಒತ್ತಿ ಒತ್ತಿ ತುಂಬಿದಳು. ಒಬ್ಬಳ ಮಾತು ಇನ್ನೊಬ್ಬಳಿಗೆ ಅರ್ಧ ತಿಳಿಯುತ್ತಿರಲಿಲ್ಲ, ಆದರೂ ಜಗಳ ಮಾತ್ರ ಸಲೀಸಾಗಿ ನಡೆಯಿತು. ಗಾಯ ಒಣಗಿದ ಮೇಲೆ ಫಕೀರಪ್ಪ ತೆಂಗಿನ ಸಿಪ್ಪೆಯ ಸಣ್ಣ ಬೆಂಕಿ ಇಟ್ಟು, ದಿನಕ್ಕಿಷ್ಟು ಎಂದು ಏರಿಸುತ್ತ, ಕಾಯಿಲೆಯವರಿಗೆ ಗಂಜಿ ಕುಡಿಸುವಂತೆ ನನ್ನನ್ನು ಬಿಸಿಗೆ ತಂದ.

ಮದುವೆಯ ಬೆಳಿಗ್ಗೆ ಮೊದಲ ಪಾವ್ ಹೊರಬಂತು. ಬಾಗಿಲಲ್ಲಿ ಸಾವಿಯೊ, ಬುಟ್ಟಿ ಹಿಡಿದ ಫಿಲೊಮೆನ, ಬೆನ್ನ ಹಿಂದೆ ಅರ್ಧ ವಾಡೆ. ಪಿಯೆದಾದ್ ಒಂದು ಪಾವ್ ಮಗುಚಿ, ಗಂಡನ ಹಾಗೆಯೇ ಅಡಿಗೆ ಬೆರಳು ತಟ್ಟಿ ಕಿವಿಗೊಟ್ಟಳು. ನಾನು ಉಸಿರು ಬಿಗಿಹಿಡಿದೆ. ಅವಳು ಪಾವನ್ನು ಮುರಿದು ಅರ್ಧವನ್ನು ಸಾವಿಯೊನ ಕೈಗಿಟ್ಟಳು, ಉಳಿದರ್ಧವನ್ನು ನೀಲವ್ವನಿಗೆ ಕೊಟ್ಟಳು. ಸಾವಿಯೊ ಅಗಿಯುತ್ತ ಅಗಿಯುತ್ತ ಟೇಪನ್ನು ಜೇಬಿಗೆ ಹಾಕಿಕೊಂಡ. ಅಬ್ಬಾ, ಬದುಕಿದೆ.

ಈಗ ನನಗೆ ವಯಸ್ಸಾಗಿದೆ. ಈ ರಾಜ್ಯ ಯಾರದು, ಒಳಗಿನವರು ಯಾರು, ಹೊರಗಿನವರು ಯಾರು ಎಂಬ ಜಗಳ ಇನ್ನೂ ನನ್ನೆದುರು ನಡೆಯುತ್ತದೆ. ನಡೆಯಲಿ, ಹಸಿದವರು ಬೇಗ ಮಾತು ನಿಲ್ಲಿಸುತ್ತಾರೆ. ನೆತ್ತಿಯ ಮೇಲೆ ಒಂದು ಉದ್ದ ಕಲೆಯಿದೆ: ಮಣ್ಣು ಇಲ್ಲಿಯದು, ಬೆರಳಚ್ಚು ರೋಣದ್ದು. ಪ್ರತಿ ವರ್ಷ ಆಯುಧಪೂಜೆಗೆ ಫಕೀರಪ್ಪ ಕುಂಕುಮ ತರುತ್ತಾನೆ. ಬೆಂಕಿ ಆರಿಸುವುದಿಲ್ಲ, ನೀರಿನ ಕೊಡವನ್ನು ನೀಲವ್ವ ಮೊದಲೇ ಬಚ್ಚಿಟ್ಟಿರುತ್ತಾಳೆ. ಮಾಲೆಗೆ ಚೆಂಡುಹೂವನ್ನು ಮಾತ್ರ ಅವನು ಕೊಳ್ಳಬೇಕಾಗಿಲ್ಲ. ಪಿಯೆದಾದ್ ಅದನ್ನು ಖಾನಾವಳಿಯ ಹಿತ್ತಿಲಿನಲ್ಲಿ ಬೆಳೆಸುತ್ತಾಳೆ.